ಮುಳುಗಿ ಎದ್ದ ಭತ್ತ

ಗಿಡ್ಡ ಭತ್ತ ಗೆದ್ದ ಕಾಲ ಅದು. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್8 ಎಂಬ ತಳಿಯನ್ನು ಹೊರತಂದಿತು. ಗೊಬ್ಬರ ಎಷ್ಟು ಉಂಡರೂ ಅಡ್ಡ ಬೀಳದ ಗಟ್ಟಿ ಕಾಂಡ, ತೆನೆ ಬಾಗುವಷ್ಟು ಕಾಳು. ಏಷ್ಯಾದ ಕಣಗಳಲ್ಲಿ ರಾಶಿ ಬೆಳೆಯಿತು. ಆದರೆ ಗಂಗೆ, ಬ್ರಹ್ಮಪುತ್ರ, ಮಹಾನದಿಗಳ ತಗ್ಗು ಬಯಲಿನ ರೈತರ ಪಾಲಿಗೆ ಈ ಸಂಭ್ರಮ ದೂರದ್ದೇ ಆಗಿ ಉಳಿಯಿತು. ಅಲ್ಲಿ ಮುಂಗಾರು ಕೆರಳಿತೆಂದರೆ ಹೊಸದಾಗಿ ನಾಟಿ ಮಾಡಿದ ಗದ್ದೆ ಕಣ್ಣಿಗೇ ಕಾಣದಂತೆ ಮುಳುಗುತ್ತಿತ್ತು. ಬುಡದಲ್ಲಿ ನೀರು ನಿಂತರೆ ಸೊಕ್ಕಿ ಬೆಳೆಯುವ ಭತ್ತ, ನೆತ್ತಿಯ ಮೇಲೆ ನೀರು ಬಂದರೆ ಮೂರು ದಿನಕ್ಕೇ ಸೋಲುತ್ತಿತ್ತು. ವಾರ ಕಳೆದು ನೀರು ಇಳಿದಾಗ ಕೆಸರಿಗೆ ಅಂಟಿದ ಹಳದಿ ಗರಿಗಳಷ್ಟೇ ಸಿಗುತ್ತಿದ್ದವು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದಲ್ಲಿ ಹೀಗೆ ನೆರೆಯ ಬಾಯಿಗೆ ಬೀಳುವ ಭತ್ತದ ನೆಲ 1.5 ಕೋಟಿ ಹೆಕ್ಟೇರಿಗೂ ಹೆಚ್ಚಿತ್ತು.

1970ರ ದಶಕದಲ್ಲಿ ಸಂಸ್ಥೆಯ ವಿಜ್ಞಾನಿಗಳು ತಮ್ಮ ಬೀಜಭಂಡಾರವನ್ನು ತೆರೆದು ಕೂತರು. ಊರೂರುಗಳಿಂದ ಬಂದ ಸಾವಿರಾರು ನಾಡತಳಿಗಳು ಅಲ್ಲಿದ್ದವು. ಅವುಗಳಲ್ಲಿ ಯಾವುದಕ್ಕಾದರೂ ಉಸಿರು ಕಟ್ಟಿ ಬದುಕುವ ವಿದ್ಯೆ ಗೊತ್ತಿರಬಹುದೇ? ಪರೀಕ್ಷೆ ಸರಳವಾಗಿತ್ತು, ನಿರ್ದಯವಾಗಿಯೂ ಇತ್ತು. ಸಸಿಗಳನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿದರು, ದಿನ ಎಣಿಸಿದರು, ನೀರು ಹರಿಯಬಿಟ್ಟರು, ಮತ್ತೆ ಚಿಗುರಿದ್ದು ಎಷ್ಟು ಎಂದು ಲೆಕ್ಕ ಹಾಕಿದರು. ತೊಟ್ಟಿಗೆ ಇಳಿದ ತಳಿಗಳಲ್ಲಿ ಬಹುಪಾಲು ಸತ್ತವು. ಬದುಕಿದ ಬೆರಳೆಣಿಕೆಯವು ಬಂದದ್ದು ಮುಖ್ಯವಾಗಿ ಎರಡು ಕಡೆಯಿಂದ. ಶ್ರೀಲಂಕಾದ ಕುರ್ಕರುಪ್ಪನ್, ಗೋಡ ಹೀನಟಿಯಂಥವು ಕೆಲವು. ಅವೆಲ್ಲವನ್ನೂ ಮೀರಿಸಿದ್ದು ಒಡಿಶಾದ ಒಂದು ತಳಿ.

ಅದರ ಹೆಸರು ಎಫ್‌ಆರ್13ಎ. ಧಲಪುಟಿಯಾ ಎಂಬ ಊರ ಭತ್ತದಿಂದ ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಒಡಿಶಾದ ಕೃಷಿತಜ್ಞರು ಅದನ್ನು ಆರಿಸಿ ಬೇರ್ಪಡಿಸಿದ್ದರು. ನೋಡಲು ಚೆಂದವೇನೂ ಇಲ್ಲದ ಉದ್ದನೆಯ ಗಿಡ. ಇಳುವರಿ ಕಡಿಮೆ, ಅಕ್ಕಿ ಒರಟು. ಆದರೆ ಎರಡು ವಾರ ನೀರಿನಡಿ ಇಟ್ಟು ಹೊರತೆಗೆದರೂ ಹೊಸ ಗರಿ ತಳ್ಳುತ್ತಿತ್ತು. ತಮ್ಮ ತಗ್ಗು ಗದ್ದೆಗಳಲ್ಲಿ ನೆರೆ ಕಂಡ ರೈತರು, ಉಳಿದ ತೆನೆಗಳಿಂದಲೇ ಮರುವರ್ಷದ ಬೀಜ ಎತ್ತಿಡುತ್ತ ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಗುಣ ಅದು.

ಸಿಕ್ಕಿತಲ್ಲ, ಇನ್ನೇನು, ಇದನ್ನು ಒಳ್ಳೆಯ ತಳಿಯೊಂದಿಗೆ ಕೂಡಿಸಿದರೆ ಮುಗಿಯಿತು ಎಂದೇ ಎಲ್ಲರೂ ಭಾವಿಸಿದರು. ಮುಗಿಯಲಿಲ್ಲ. ಎಫ್‌ಆರ್13ಎಯೊಂದಿಗೆ ಸಂಕರ ಮಾಡಿದಾಗಲೆಲ್ಲ ಸಹಿಷ್ಣುತೆಯ ಜೊತೆಗೆ ಅದರ ಉದ್ದ, ಅದರ ಬಡ ಇಳುವರಿ, ಅದರ ಒರಟು ಅಕ್ಕಿ ಎಲ್ಲವೂ ಸಂತತಿಗೆ ಇಳಿದವು. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಎತ್ತರ, ತೆನೆ, ಕಾಳುಗಳನ್ನು ಕಣ್ಣಿನಿಂದ ನೋಡಿ ಆರಿಸಬಹುದು. ಮುಳುಗಿ ಬದುಕುವ ಗುಣ ಕಣ್ಣಿಗೆ ಕಾಣುವಂಥದಲ್ಲ. ಪ್ರತಿ ತಲೆಮಾರನ್ನೂ ತೊಟ್ಟಿಗೆ ಇಳಿಸಿಯೇ ತಿಳಿಯಬೇಕು. ನೀರು ಕೊಂಚ ಬಗ್ಗಡವಾದರೆ, ಬಿಸಿಲು ಹೆಚ್ಚಾದರೆ, ಫಲಿತಾಂಶ ಏರುಪೇರಾಗುತ್ತಿತ್ತು. ಈ ಸಲ ಗೆದ್ದ ಗಿಡದ ಮಕ್ಕಳು ಮುಂದಿನ ಸಲ ಸಾಯುತ್ತಿದ್ದವು. ಈ ಗುಣದ ಹಿಂದಿರುವುದು ಒಂದು ಜೀನೋ ಹಲವಾರೋ ಎಂಬುದರಲ್ಲೇ ವಿಜ್ಞಾನಿಗಳ ನಡುವೆ ಒಮ್ಮತವಿರಲಿಲ್ಲ.

1982ರಲ್ಲಿ ಡೇವಿಡ್ ಮ್ಯಾಕಿಲ್ ಎಂಬ ಅಮೆರಿಕದ ತರುಣ ತಳಿವಿಜ್ಞಾನಿ ಲಾಸ್ ಬಾನ್ಯೋಸ್‌ಗೆ ಬಂದರು. ಮಳೆಯಾಶ್ರಿತ ತಗ್ಗು ಗದ್ದೆಗಳ ಭತ್ತ ಅವರ ಪಾಲಿಗೆ ಬಂದ ಕೆಲಸ. ಅವರ ತಂಡ ವರ್ಷಗಟ್ಟಲೆ ಸಂಕರ ಮಾಡಿ, ಮುಳುಗಿಸಿ, ಆರಿಸಿ, ಮತ್ತೆ ಸಂಕರ ಮಾಡಿ ಕೊನೆಗೆ ಐಆರ್49830 ಎಂಬ ಸಾಲನ್ನು ಪಡೆಯಿತು. ಗಿಡ ಗಿಡ್ಡವಾಯಿತು, ಇಳುವರಿ ಬಂತು, ನೀರನ್ನೂ ತಡೆಯಿತು. ಆದರೆ ರೈತರು ಅದನ್ನು ಮನೆಗೆ ಕರೆದುಕೊಳ್ಳಲಿಲ್ಲ. ಅವರಿಗೆ ತಮ್ಮದೇ ಮೆಚ್ಚಿನ ತಳಿಗಳಿದ್ದವು. ಅವುಗಳ ಅನ್ನದ ರುಚಿ ಗೊತ್ತಿತ್ತು, ಮಿಲ್ಲಿನಲ್ಲಿ ಸಿಗುವ ಬೆಲೆ ಗೊತ್ತಿತ್ತು. ಯಾವಾಗಲೋ ಬರುವ ನೆರೆಗಾಗಿ ಪ್ರತಿವರ್ಷದ ಊಟ ಬದಲಿಸಲು ಅವರು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಹೊಸ ಭತ್ತವಲ್ಲ, ನೀರಿಗೆ ಸಾಯದ ತಮ್ಮ ಹಳೆಯ ಭತ್ತ.

1991ರಲ್ಲಿ ಮ್ಯಾಕಿಲ್ ಕ್ಯಾಲಿಫೋರ್ನಿಯಾದ ಡೇವಿಸ್‌ಗೆ ಮರಳಿದರು. ಬರಿಗೈಯಲ್ಲಿ ಎನ್ನುವಂತಿಲ್ಲ, ಎಫ್‌ಆರ್13ಎ ವಂಶದ ಬೀಜಗಳು ಅವರ ಕೈಯಲ್ಲಿದ್ದವು. ಅಷ್ಟರಲ್ಲಿ ಸಸ್ಯವಿಜ್ಞಾನದ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. 1988ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೂಸನ್ ಮಕೌಚ್, ಸ್ಟೀವನ್ ಟ್ಯಾಂಕ್ಸ್‌ಲಿ ಮತ್ತು ಸಂಗಡಿಗರು ಭತ್ತದ 12 ಕ್ರೋಮೋಸೋಮುಗಳ ಮೇಲೆ ಡಿಎನ್‌ಎ ಗುರುತುಗಳನ್ನು ನೆಟ್ಟ ಮೊದಲ ನಕ್ಷೆ ಪ್ರಕಟಿಸಿದ್ದರು. ಇಂಥ ಗುರುತಿಗೆ ಮಾರ್ಕರ್ ಎಂದು ಹೆಸರು. ಅದು ತಾನಾಗಿ ಏನೂ ಮಾಡುವುದಿಲ್ಲ. ಎರಡು ತಳಿಗಳ ನಡುವೆ ವ್ಯತ್ಯಾಸವಿರುವ ಒಂದು ಚೂರು ಡಿಎನ್‌ಎ, ಅಷ್ಟೆ. ಊರಿಗೆ ಹೊಸದಾಗಿ ಬಂದವನಿಗೆ ಮನೆಯ ಯಜಮಾನನ ಹೆಸರು ಗೊತ್ತಿಲ್ಲದಿದ್ದರೂ ಅರಳಿಕಟ್ಟೆಯ ಪಕ್ಕದ ಮನೆ ಎಂದರೆ ಸಾಕಲ್ಲ, ಹಾಗೆ. ಬೇಕಾದ ಜೀನ್ ಯಾವುದೆಂದು ತಿಳಿಯದಿದ್ದರೂ ಅದರ ಪಕ್ಕದ ಮಾರ್ಕರ್ ಸಿಕ್ಕರೆ ಗಿಡವನ್ನು ಮುಳುಗಿಸದೆಯೇ, ಎಲೆಯ ಒಂದು ತುಣುಕಿನಿಂದ, ಗುಣ ಇದೆಯೋ ಇಲ್ಲವೋ ಎಂದು ಹೇಳಬಹುದಿತ್ತು.

ಆ ಮಾರ್ಕರನ್ನು ಹುಡುಕುವ ಕೆಲಸ ಮ್ಯಾಕಿಲ್ ಅವರ ವಿದ್ಯಾರ್ಥಿ ಕೆನೊಂಗ್ ಷು ಅವರ ಹೆಗಲಿಗೆ ಬಿತ್ತು. ಎಫ್‌ಆರ್13ಎಯ ಸಹಿಷ್ಣುತೆ ಪಡೆದಿದ್ದ ಒಂದು ಸಾಲನ್ನು ನೀರಿಗೆ ಬೇಗ ಸೋಲುವ ಜಪೋನಿಕಾ ಭತ್ತದೊಂದಿಗೆ ಕೂಡಿಸಲಾಯಿತು. ಎರಡನೇ ತಲೆಮಾರಿನಲ್ಲಿ 169 ಗಿಡಗಳು ಸಿಕ್ಕವು. ಒಂದೊಂದರ ಮಕ್ಕಳನ್ನೂ ಪ್ರತ್ಯೇಕವಾಗಿ ಬೆಳೆಸಿ, ಎಂಟು ದಿನದ ಸಸಿಗಳಾಗಿದ್ದಾಗ 55 ಸೆಂಟಿಮೀಟರ್ ಆಳದ ತೊಟ್ಟಿಗಳಿಗೆ ಇಳಿಸಿದರು. 14 ದಿನ, ಕೆಲವೊಮ್ಮೆ 16 ದಿನ. ನೀರು ಬಿಟ್ಟು ಮತ್ತೊಂದು ವಾರ ಕಾದು ಪ್ರತಿ ಕುಟುಂಬಕ್ಕೂ 1ರಿಂದ 9ರವರೆಗೆ ಅಂಕ ಕೊಟ್ಟರು. ಇಲ್ಲಿ ಅಂಕ ಕಡಿಮೆಯಾದಷ್ಟೂ ಗಿಡ ಗಟ್ಟಿ.

ಇಲ್ಲಿ ಅದೃಷ್ಟವೂ ಕೈಹಿಡಿಯಿತು. ಅದೇ ಡೇವಿಸ್ ಆವರಣದಲ್ಲಿ ರಿಚರ್ಡ್ ಮಿಷೆಲ್‌ಮೋರ್ ಅವರ ತಂಡ 1991ರಲ್ಲಿ ಲೆಟಿಸ್ ಸೊಪ್ಪಿನ ರೋಗದ ಬೆನ್ನು ಹತ್ತಿ ಒಂದು ಜಾಣ ಉಪಾಯ ಕಂಡುಕೊಂಡಿತ್ತು. ನೂರಾರು ಗಿಡಗಳ ಡಿಎನ್‌ಎಯನ್ನು ಒಂದೊಂದಾಗಿ ತಡಕುವ ಬದಲು, ಗುಣ ಇರುವ ಗಿಡಗಳದ್ದನ್ನೆಲ್ಲ ಒಂದು ಕೊಳವೆಯಲ್ಲಿ, ಇಲ್ಲದವುಗಳದ್ದನ್ನು ಇನ್ನೊಂದು ಕೊಳವೆಯಲ್ಲಿ ಬೆರೆಸಿ ಎರಡನ್ನೂ ಹೋಲಿಸುವುದು. ಗುಣಕ್ಕೆ ಸಂಬಂಧವಿಲ್ಲದ ವ್ಯತ್ಯಾಸಗಳೆಲ್ಲ ಬೆರಕೆಯಲ್ಲಿ ಕರಗಿಹೋಗುತ್ತವೆ, ಸಂಬಂಧವಿರುವುದು ಮಾತ್ರ ಎದ್ದು ಕಾಣುತ್ತದೆ. ಷು ಅತ್ಯಂತ ಗಟ್ಟಿಯಾದ 9 ಕುಟುಂಬಗಳ ಒಂದು ಬೆರಕೆ, ಅತ್ಯಂತ ದುರ್ಬಲವಾದ 9 ಕುಟುಂಬಗಳ ಇನ್ನೊಂದು ಬೆರಕೆ ತಯಾರಿಸಿದರು.

ಆಮೇಲೆ ಶುರುವಾದದ್ದು ತಾಳ್ಮೆಯ ಪರೀಕ್ಷೆ. ಡಿಎನ್‌ಎಯ ಅಲ್ಲಲ್ಲಿ ಅಂಟಿಕೊಂಡು ಚೂರುಗಳ ಪ್ರತಿ ತೆಗೆಯುವ ಪ್ರೈಮರ್‌ಗಳನ್ನು ಒಂದಾದ ಮೇಲೊಂದರಂತೆ ಎರಡೂ ಬೆರಕೆಗಳ ಮೇಲೆ ಪ್ರಯೋಗಿಸಿದರು. ಜೆಲ್ಲಿನ ಮೇಲೆ ಮೂಡುವ ಪಟ್ಟಿಗಳು ಎರಡರಲ್ಲೂ ಒಂದೇ ಥರ ಬಂದರೆ ಆ ದಿನದ ಕೆಲಸ ವ್ಯರ್ಥ. ನೂರು ಮುಗಿಯಿತು, ಇನ್ನೂರು ಮುಗಿಯಿತು. ಒಟ್ಟು 624 ಪ್ರೈಮರ್‌ಗಳನ್ನು ಜಾಲಾಡಿದಾಗ ವ್ಯತ್ಯಾಸ ತೋರಿಸಿದವು ಐದೇ ಐದು. ಆದರೆ ಆ ಐದನ್ನು ಭತ್ತದ ನಕ್ಷೆಯ ಮೇಲೆ ಇಟ್ಟು ನೋಡಿದಾಗ ಅವೆಲ್ಲ ಒಂದೇ ಕಡೆ ಹೋಗಿ ಕೂತವು, 9ನೇ ಕ್ರೋಮೋಸೋಮಿನ ಒಂದು ಮೂಲೆಯಲ್ಲಿ.

1996ರಲ್ಲಿ ಷು ಮತ್ತು ಮ್ಯಾಕಿಲ್ ಆ ಜಾಗಕ್ಕೆ ಸಬ್1 ಎಂದು ಹೆಸರಿಟ್ಟು ಪ್ರಕಟಿಸಿದರು. ಗಿಡಗಳ ನಡುವೆ ಕಂಡ ಸಹಿಷ್ಣುತೆಯ ವ್ಯತ್ಯಾಸದಲ್ಲಿ ಶೇ. 69ರಷ್ಟಕ್ಕೆ ಆ ಒಂದೇ ತಾಣ ಕಾರಣವಾಗಿತ್ತು. ಹತ್ತಾರು ಜೀನುಗಳ ಗೋಜಲು ಎಂದುಕೊಂಡಿದ್ದ ಗುಣದ ಬಹುಭಾಗ ಒಂದೇ ಕಡೆ ಅಡಗಿತ್ತು.

ತಾಣ ಸಿಕ್ಕಿತು, ಜೀನ್ ಸಿಗಲಿಲ್ಲ. ತಳಿವಿಜ್ಞಾನಿಯ ನಕ್ಷೆಯಲ್ಲಿ ಚುಕ್ಕೆಯಂತೆ ಕಾಣುವ ಜಾಗದಲ್ಲಿ ಹತ್ತಾರು ಜೀನುಗಳಿರುತ್ತವೆ. ಅದನ್ನು ಕಿರಿದಾಗಿಸಲು ಇರುವ ದಾರಿ ಒಂದೇ: ಮತ್ತಷ್ಟು ಗಿಡಗಳು. ಮಕ್ಕಳ ಸಂಖ್ಯೆ ಹೆಚ್ಚಿದಷ್ಟೂ ಕ್ರೋಮೋಸೋಮು ಬೇಕಾದ ಜಾಗದ ತೀರ ಹತ್ತಿರ ತುಂಡಾಗಿ ಅದಲುಬದಲಾಗಿರುವ ಅಪರೂಪದ ಗಿಡ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಡೇವಿಸ್‌ನಲ್ಲೇ ಇದ್ದ ಪಮೇಲಾ ರೊನಾಲ್ಡ್ ಈ ಹಂತದಲ್ಲಿ ಕೈಜೋಡಿಸಿದರು. ಭತ್ತದ ದುಂಡಾಣು ಅಂಗಮಾರಿಯನ್ನು ತಡೆಯುವ ಜೀನನ್ನು 1995ರಲ್ಲಿ ಬೇರ್ಪಡಿಸಿ ಹೆಸರಾಗಿದ್ದವರು ಅವರು. 2000ದಲ್ಲಿ ತಂಡ 2,950 ಗಿಡಗಳನ್ನು ತಡಕಿ ಜಾಗವನ್ನು ಇನ್ನಷ್ಟು ಬಿಗಿ ಮಾಡಿತು. ಆಮೇಲೆ ಅದೂ ಸಾಲದೆ ಇನ್ನೂ ಗಿಡಗಳನ್ನು ಬೆಳೆಸಿತು.

ಅಷ್ಟು ಹೊತ್ತಿಗೆ ಜಪಾನಿನ ನೇತೃತ್ವದಲ್ಲಿ ಭತ್ತದ ಇಡೀ ಜೀನೋಮನ್ನು ಓದುವ ಕೆಲಸ ಭರದಿಂದ ಸಾಗಿತ್ತು. ಓದಿಗೆ ಆರಿಸಿಕೊಂಡಿದ್ದು ನಿಪ್ಪೊನ್‌ಬಾರೆ ಎಂಬ ಜಪೋನಿಕಾ ತಳಿ. ಉತ್ತರ ಆ ಜೀನೋಮಿನಲ್ಲೇ ಇರಬೇಕೆಂದು ಯಾರಿಗಾದರೂ ಅನಿಸುವುದು ಸಹಜ. ಅಲ್ಲಿ ಇರಲಿಲ್ಲ. ಮುಳುಗಿದರೆ ಸಾಯುವ ನಿಪ್ಪೊನ್‌ಬಾರೆಯಲ್ಲಿ ಆ ಜೀನೇ ಇಲ್ಲ! ಜಗತ್ತು ಹೆಮ್ಮೆಯಿಂದ ಓದಿ ಮುಗಿಸುತ್ತಿದ್ದ ಪುಸ್ತಕದಲ್ಲಿ ಬೇಕಾದ ಪುಟವೇ ಇರಲಿಲ್ಲ. ತಂಡ ನೀರು ತಡೆಯುವ ಭತ್ತದ್ದೇ ಡಿಎನ್‌ಎಯನ್ನು ತುಂಡು ಮಾಡಿ ಕೂಡಿಟ್ಟು, ಆ ಮೂಲೆಯನ್ನು ತಾನೇ ಹೊಸದಾಗಿ ಓದಬೇಕಾಯಿತು.

ಆಗ ಒಂದರ ಪಕ್ಕ ಒಂದರಂತೆ ಮೂರು ಸೋದರ ಜೀನುಗಳು ಕಾಣಿಸಿಕೊಂಡವು. ಅವಕ್ಕೆ ಸಬ್1ಎ, ಸಬ್1ಬಿ, ಸಬ್1ಸಿ ಎಂದು ಹೆಸರಿಟ್ಟರು. ಬಿ ಮತ್ತು ಸಿ ಎಲ್ಲ ಭತ್ತಗಳಲ್ಲೂ ಇದ್ದವು. ಎ ಮಾತ್ರ ಭತ್ತದ ಇನ್ನೊಂದು ಬಳಗವಾದ ಇಂಡಿಕಾದ ಕೆಲವು ತಳಿಗಳಲ್ಲಿತ್ತು. ಅವುಗಳಲ್ಲೂ ನೀರು ತಡೆಯುವವುಗಳಲ್ಲಿ ಒಂದು ರೂಪ, ತಡೆಯದವುಗಳಲ್ಲಿ ಇನ್ನೊಂದು ರೂಪ. ಅನುಮಾನ ಸಬ್1ಎಯ ಮೇಲೆ ಬಿತ್ತು. ಅನುಮಾನ ಪುರಾವೆಯಾಗಬೇಕಾದರೆ ಆ ಒಂದು ಜೀನನ್ನು, ಅದನ್ನಷ್ಟೇ, ಮುಳುಗಿ ಸಾಯುವ ಭತ್ತವೊಂದಕ್ಕೆ ಸೇರಿಸಿ ನೋಡಬೇಕಿತ್ತು. ಹಾಗೆ ಸೇರಿಸಿದ ಗಿಡಗಳು ಡೇವಿಸ್‌ನ ಹಸಿರುಮನೆಯಲ್ಲಿ 18 ದಿನ ನೀರಿನಡಿ ಇದ್ದವು. ಹೊರತೆಗೆದಾಗ ಪಕ್ಕದ ಸಾಮಾನ್ಯ ಗಿಡಗಳು ಸತ್ತಿದ್ದವು, ಸಬ್1ಎ ಪಡೆದವು ಬದುಕಿದ್ದವು. ಒಂದೇ ಜೀನು ಇಷ್ಟು ಮಾಡಬಲ್ಲದೆಂಬುದು ಷು ಮತ್ತು ರೊನಾಲ್ಡ್ ಇಬ್ಬರನ್ನೂ ಬೆರಗುಗೊಳಿಸಿತು. 2006ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

ಆದರೆ ಹಸಿರುಮನೆಯ ಆ ಗಿಡ ರೈತನಿಗಾಗಿ ಮಾಡಿದ್ದಲ್ಲ, ಪುರಾವೆಗಾಗಿ ಮಾಡಿದ್ದು. ರೈತನಿಗೆ ಬೇಕಾದದ್ದು ಬೇರೆ ದಾರಿಯಲ್ಲಿ, ಜೀನಿನ ಕತೆ ಮುಗಿಯುವ ಮೊದಲೇ, ಲಾಸ್ ಬಾನ್ಯೋಸ್‌ನಲ್ಲಿ ತಯಾರಾಗತೊಡಗಿತ್ತು. 2001ರಲ್ಲಿ ಮ್ಯಾಕಿಲ್ ಮತ್ತೆ ಅಲ್ಲಿಗೆ ಹೋಗಿದ್ದರು. ಈ ಸಲ ಅವರು ಹೊಸ ತಳಿ ಮಾಡಲು ಹೊರಡಲಿಲ್ಲ. ಪೂರ್ವ ಭಾರತ ಮತ್ತು ಬಾಂಗ್ಲಾದೇಶದ ರೈತರು ಆಗಲೇ ಒಲಿದಿದ್ದ ಸ್ವರ್ಣ ಎಂಬ ತಳಿಯನ್ನೇ ಎತ್ತಿಕೊಂಡರು. ಆಂಧ್ರಪ್ರದೇಶದ ಮಾರುಟೇರಿನ ಸಂಶೋಧನಾ ಕೇಂದ್ರದಲ್ಲಿ ಎಂಟಿಯು 7029 ಎಂಬ ಸಂಖ್ಯೆ ಹೊತ್ತು ಹುಟ್ಟಿದ ಭತ್ತ ಅದು. ಸ್ವರ್ಣವನ್ನು ಸ್ವರ್ಣವಾಗಿಯೇ ಉಳಿಸಿ, ಸಬ್1 ಇರುವ ಚೂರನ್ನು ಮಾತ್ರ ಅದರೊಳಗೆ ಇಳಿಸುವುದು ಅವರ ಹಟ. ಹಳೆಯ ಐಆರ್49830 ಈಗ ದಾನಿಯಾಗಿ ಉಪಯೋಗಕ್ಕೆ ಬಂತು.

ಈ ಕೆಲಸದಲ್ಲಿ ಮುಂದೆ ನಿಂತವರು ಹೈದರಾಬಾದಿನಿಂದ ಬಂದಿದ್ದ ವಿಜ್ಞಾನಿ ಸಿ. ಎನ್. ನೀರಜಾ. ಸಂಕರದ ಮಗುವನ್ನು ಮತ್ತೆ ಸ್ವರ್ಣಕ್ಕೇ ಕೂಡಿಸುವುದು, ಆ ಮಗುವನ್ನು ಇನ್ನೊಮ್ಮೆ ಸ್ವರ್ಣಕ್ಕೆ ಕೂಡಿಸುವುದು ಹಿಮ್ಮರಳು ಸಂಕರ ಎಂಬ ಹಳೆಯ ವಿಧಾನವೇ. ಪ್ರತಿ ಸಲವೂ ದಾನಿಯ ಪಾಲು ಸರಾಸರಿ ಅರ್ಧಕ್ಕೆ ಇಳಿಯುತ್ತದೆ. ಕಣ್ಣಂದಾಜಿನಲ್ಲಿ ಆರಿಸುತ್ತ ಹೋದರೆ ಆರೇಳು ತಲೆಮಾರು ಬೇಕು, ಆಗಲೂ ಬೇಕಾದ ಜೀನಿಗೆ ಅಂಟಿಕೊಂಡ ಬೇಡದ ಬಾಲ ಉಳಿದುಬಿಡುತ್ತದೆ. ಐಆರ್49830ರ ಹಿಂದಿನ ತಳಿವಿಜ್ಞಾನಿಗಳು ದಶಕಗಟ್ಟಲೆ ಒದ್ದಾಡಿದ್ದು ಇಲ್ಲಿಯೇ.

ನೀರಜಾ ಮತ್ತು ಸಂಗಡಿಗರು ಪ್ರತಿ ತಲೆಮಾರಿನ ನೂರಾರು ಎಳೆಯ ಸಸಿಗಳಿಂದ ಎಲೆಯ ತುಣುಕು ತೆಗೆದು ಮೂರು ಪ್ರಶ್ನೆ ಕೇಳಿದರು. ಸಬ್1 ಪಕ್ಕದ ಮಾರ್ಕರ್ ಇದೆಯೇ? ಇದ್ದರೆ, ಅದರ ಎಡಬಲದಲ್ಲೇ ಕ್ರೋಮೋಸೋಮು ತುಂಡಾಗಿ ಸ್ವರ್ಣದ ಡಿಎನ್‌ಎ ಬಂದು ಕೂತಿದೆಯೇ? ಬಂದಿದ್ದರೆ, ಉಳಿದ ಕ್ರೋಮೋಸೋಮುಗಳಲ್ಲಿ ಸ್ವರ್ಣದ ಪಾಲು ಎಷ್ಟು? ಮೊದಲ ಪ್ರಶ್ನೆಗೇ ಅರ್ಧದಷ್ಟು ಗಿಡಗಳು ಹೊರಬಿದ್ದವು. ಎರಡನೆಯದನ್ನು ದಾಟಿದ್ದು ಕೆಲವೇ ಕೆಲವು. ಮೂರನ್ನೂ ಗೆದ್ದ ಗಿಡ ಹೂಬಿಡುವ ಮೊದಲೇ ಗುರುತಾಗಿ, ಮುಂದಿನ ಸಂಕರಕ್ಕೆ ಸಿದ್ಧವಾಗುತ್ತಿತ್ತು. ಒಂದು ಗಿಡವನ್ನೂ ಮುಳುಗಿಸಬೇಕಾಗಿರಲಿಲ್ಲ.

ಎರಡನೇ ಹಿಮ್ಮರಳು ಸಂಕರದ ಸಂತತಿಯಲ್ಲೇ ಒಂದು ಗಿಡ ಸಿಕ್ಕಿತು. ಪರೀಕ್ಷಿಸಿದ ಎಲ್ಲ ತುಣುಕುಗಳಲ್ಲೂ ಅದು ಸ್ವರ್ಣವೇ, 9ನೇ ಕ್ರೋಮೋಸೋಮಿನ ತುದಿಯೊಂದನ್ನು ಬಿಟ್ಟು. ಮೂರನೇ ಸುತ್ತಿನಲ್ಲಿ ದಾನಿಯ ಪಾಲು 23ರಿಂದ 34 ಲಕ್ಷ ಡಿಎನ್‌ಎ ಅಕ್ಷರಗಳಷ್ಟಕ್ಕೆ ಇಳಿಯಿತು. ಭತ್ತದ ಒಟ್ಟು ಅಕ್ಷರಗಳು ಸುಮಾರು 39 ಕೋಟಿ. ಹಿಂದೆ ದಶಕಗಳು ಸಾಲದ ಕೆಲಸಕ್ಕೆ ಹಿಡಿದದ್ದು ಎರಡು ಮೂರು ವರ್ಷ. 2007ರಲ್ಲಿ ಅದರ ವಿವರ ಪ್ರಕಟವಾಯಿತು.

ಆ ಸಣ್ಣ ಚೂರಿನ ಜೊತೆ ಯಾರೂ ಕೇಳದ ಇನ್ನೊಂದು ಗುಣ ಕಣ್ಣು ತಪ್ಪಿಸಿ ಬಂದುಬಿಟ್ಟಿತ್ತು. ಸ್ವರ್ಣದ ಕಾಳಿನ ಹೊಟ್ಟು ಹೊಂಬಣ್ಣ, ಸ್ವರ್ಣ-ಸಬ್1ರದ್ದು ಹುಲ್ಲಿನ ಬಣ್ಣ. ಹೊಟ್ಟಿನ ಬಣ್ಣದ ಜೀನು ಸಬ್1ರ ಮಗ್ಗುಲಲ್ಲೇ ಇದ್ದದ್ದು ಇದಕ್ಕೆ ಕಾರಣ. ಮಿಲ್ಲಿಗೆ ಹಾಕಿದರೆ ಅಕ್ಕಿಯಲ್ಲಿ ವ್ಯತ್ಯಾಸವಿರಲಿಲ್ಲ. ಹಾಗಾಗಿ ಈ ಆಕಸ್ಮಿಕ ಉಪಕಾರವನ್ನೇ ಮಾಡಿತು: ಎರಡು ಬೀಜಗಳು ಬೆರೆತಿವೆಯೇ ಎಂದು ಅಂಗೈಯಲ್ಲಿಟ್ಟು ನೋಡಿಯೇ ಹೇಳಬಹುದಾಯಿತು.

ಲಾಸ್ ಬಾನ್ಯೋಸ್‌ನ ಹೊಲದಲ್ಲಿ ಸಬ್1 ಇರುವ ಮತ್ತು ಇಲ್ಲದ ಭತ್ತಗಳನ್ನು ಅಕ್ಕಪಕ್ಕ ನೆಟ್ಟು 17 ದಿನ ಮುಳುಗಿಸಿದರು. ಸಬ್1 ಮಡಿ ಮೂರೂವರೆ ಪಟ್ಟು ಹೆಚ್ಚು ಕಾಳು ಕೊಟ್ಟಿತು. ಆದರೂ ರೈತನ ಗದ್ದೆಯೇ ಕೊನೆಯ ತೀರ್ಪು. 2008ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ ಬೀಜ ರೈತರ ಕೈಗೆ ಬಂತು. ನೆರೆಯೂ ಬಂತು. ನೀರು ಇಳಿದಾಗ ಗದ್ದೆ ಎಂದಿನಂತೆ ಸತ್ತ ಗದ್ದೆಯಾಗಿಯೇ ಕಂಡಿತು. ಹಳೆಯ ಗರಿಗಳು ಕೊಳೆತು ಬಿದ್ದಿದ್ದವು. ಅಕ್ಕಪಕ್ಕದವರು ನಕ್ಕರು. ಕಾದವರ ಗದ್ದೆಯಲ್ಲಿ ಕೆಲವು ದಿನಗಳಲ್ಲಿ ಬುಡದಿಂದ ಹೊಸ ಗರಿ ಎದ್ದಿತು, ತೆಂಡೆ ಒಡೆಯಿತು. ಮರುವರ್ಷ ಭಾರತದಲ್ಲಿ ಸ್ವರ್ಣ-ಸಬ್1 ಅಧಿಕೃತವಾಗಿ ಬಿಡುಗಡೆಯಾಯಿತು, 2010ರಲ್ಲಿ ಬಾಂಗ್ಲಾದೇಶದಲ್ಲಿ. 2014ರ ಹೊತ್ತಿಗೆ ಸಬ್1 ಭತ್ತ ಬೆಳೆಯುವವರು 35 ಲಕ್ಷ ದಾಟಿದರು.

ಒಡಿಶಾದ 128 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಸ್ವರ್ಣ-ಸಬ್1, ಸ್ವರ್ಣಕ್ಕಿಂತ ಸುಮಾರು ಶೇ. 45ರಷ್ಟು ಹೆಚ್ಚು ಇಳುವರಿ ಕೊಟ್ಟಿತ್ತು. ನೆರೆ ಬಾರದ ವರ್ಷ ನಷ್ಟವೂ ಇರಲಿಲ್ಲ. ಇನ್ನೊಂದು ಸಂಗತಿಯೂ ಆ ಲೆಕ್ಕದಲ್ಲಿ ಹೊರಬಿತ್ತು. ನೆರೆಗೆ ಮೊದಲು ಸಿಕ್ಕುವ ತಗ್ಗಿನ ಗದ್ದೆಗಳು ಹೆಚ್ಚಾಗಿ ಪರಿಶಿಷ್ಟ ಜಾತಿಯ ರೈತರ ಪಾಲಿಗೆ ಬಂದಿದ್ದವು. ಹೊಸ ಬೀಜದ ಲಾಭವೂ ಅವರಿಗೇ ಹೆಚ್ಚು ದಕ್ಕುವಂತಿತ್ತು.

ಹಾಗಾದರೆ ಆ ಜೀನು ನೀರಿನಡಿ ಮಾಡುತ್ತಿದ್ದುದಾದರೂ ಏನು? ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಜೂಲಿಯಾ ಬೈಲಿ-ಸೆರೆಸ್ ಮತ್ತು ತಕೇಶಿ ಫುಕಾವೊ ಇದಕ್ಕೆ ಉತ್ತರ ಹುಡುಕಿದರು. ಭತ್ತ ಮುಳುಗಿದಾಗ ಅದರೊಳಗೆ ಹುಟ್ಟುವ ಎಥಿಲೀನ್ ಅನಿಲ ಹೊರಹೋಗಲಾರದೆ ತುಂಬಿಕೊಳ್ಳುತ್ತದೆ. ಸಾಮಾನ್ಯ ಭತ್ತಕ್ಕೆ ಅದು ಮೇಲಕ್ಕೆ ಬೆಳೆ ಎಂಬ ಆಜ್ಞೆ. ಜಿಬ್ಬರೆಲಿನ್ ಹಾರ್ಮೋನು ಕೆರಳಿ, ಗಿಡ ಕೂಡಿಟ್ಟ ಪಿಷ್ಟ, ಸಕ್ಕರೆಯನ್ನೆಲ್ಲ ಸುರಿದು ನೀರಿನ ಮಟ್ಟ ಮುಟ್ಟಲು ಚಾಚುತ್ತದೆ, ಮುಟ್ಟುವ ಮೊದಲೇ ಬರಿದಾಗಿ ಸಾಯುತ್ತದೆ. ಸಬ್1ಎಯೂ ಅದೇ ಎಥಿಲೀನಿನಿಂದಲೇ ಎಚ್ಚರಗೊಳ್ಳುತ್ತದೆ, ಆದರೆ ಜಿಬ್ಬರೆಲಿನ್ನಿಗೆ ಲಗಾಮು ಹಾಕುವ ಪ್ರೋಟೀನುಗಳನ್ನು ಹೆಚ್ಚಿಸಿ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಗಿಡ ಎರಡು ವಾರ ಸುಮ್ಮನಿದ್ದು, ಉಳಿಸಿಕೊಂಡ ಸಕ್ಕರೆಯಿಂದ ಆಮೇಲೆ ಚಿಗುರುತ್ತದೆ. ಅದಕ್ಕೂ ಮೀರಿ ನೀರು ನಿಂತರೆ ಆ ಕೂಡಿಕೆಯೂ ಮುಗಿಯುತ್ತದೆ. ಜಪಾನಿನ ನಗೋಯಾದ ವಿಜ್ಞಾನಿಗಳು 2009ರಲ್ಲಿ ಆಳನೀರಿನ ಭತ್ತದಲ್ಲಿ ಸ್ನಾರ್ಕೆಲ್ ಎಂಬ ಎರಡು ಜೀನುಗಳನ್ನು ಕಂಡುಹಿಡಿದರು. ಅವು ಸಬ್1ಎಯ ಕುಟುಂಬದವೇ, ಅದೇ ಎಥಿಲೀನಿಗೇ ಓಗೊಡುವವು. ಆದರೆ ಅವುಗಳ ಕೆಲಸ ತದ್ವಿರುದ್ಧ: ತಿಂಗಳುಗಟ್ಟಲೆ ಇಳಿಯದ ನೀರಿನಲ್ಲಿ ಗಿಡವನ್ನು ಮೀಟರುಗಟ್ಟಲೆ ಮೇಲಕ್ಕೆ ಎಬ್ಬಿಸುವುದು. ಬೇಗ ಇಳಿಯುವ ನೀರಿಗೆ ಸುಮ್ಮನಿರುವ ಭತ್ತ, ಇಳಿಯದ ನೀರಿಗೆ ಎತ್ತರಿಸುವ ಭತ್ತ, ಎರಡನ್ನೂ ಏಷ್ಯಾದ ರೈತರು ಮಾರ್ಕರುಗಳಿಗೆ ಎಷ್ಟೋ ಮೊದಲೇ ತಂತಮ್ಮ ಗದ್ದೆಯ ನೀರು ನೋಡಿ ಬೇರೆಬೇರೆಯಾಗಿ ಆರಿಸಿಟ್ಟಿದ್ದರು.